ಕೊಳಚೆನೀರಿನ ಕಣ್ಗಾವಲು

ಊರಿನ ಕೊಳಚೆನೀರಿನಲ್ಲಿ ಸೇರಿರುವ ವೈರಾಣು, ಔಷಧದ ಉಳಿಕೆ, ರಾಸಾಯನಿಕಗಳನ್ನು ಆಗಾಗ ಅಳೆದು ಜನರ ಆರೋಗ್ಯದ ಸ್ಥಿತಿ ಅರಿಯುವ ಕ್ರಮಕ್ಕೆ ಈ ಹೆಸರು. ‘ಕೊಳಚೆ’ಯ ಬೇರು ‘ಕೊಳೆ’. ತೆಲುಗಿನ ‘ಕುಳ್ಳು’ ಅದರ ನಂಟಿನ ಪದ. ‘ಕಣ್’, ‘ಕಾವಲು’ ಕೂಡುವಾಗ ಕಕಾರವು ಗಕಾರವಾಗಿ ‘ಕಣ್ಗಾವಲು’ ಆಗಿದೆ. ‘ತ್ಯಾಜ್ಯನೀರು’ ಎಂಬ ರೂಪವೂ ಬರಹದಲ್ಲುಂಟು. ಆಡುಮಾತಿಗೆ ಕೊಳಚೆಯೇ ಹತ್ತಿರ.

ಚೆನ್ನೈನ ಟಿ. ನಗರದ ಕನ್ನಡಿಗರ ಕಿವಿಗೆ ಬೀಳುವುದು ತಮಿಳಿನ ‘ಕಳಿವುನೀರ್’. 1978ರಲ್ಲಿ ಸ್ಥಾಪನೆಯಾದ ಅಲ್ಲಿನ ಜಲಮಂಡಳಿಯ ತಮಿಳು ಹೆಸರಿನಲ್ಲೇ ಈ ಪದವಿದೆ. ಹಳಗನ್ನಡದ ‘ಕೞಿ’, ಇಂದಿನ ‘ಕಳೆ’ ಇದರ ಒಡಹುಟ್ಟುಗಳು.

ಭಾರತದಲ್ಲಿ ಕೊಳಚೆನೀರಿನ ಕಣ್ಗಾವಲು ಮೊದಲು ನೆಲೆಯೂರಿದ್ದು ಪೋಲಿಯೊ ನಿರ್ಮೂಲನೆಗಾಗಿ, 2001ರಲ್ಲಿ ಮುಂಬೈಯಲ್ಲಿ. ಕೊರೊನಾ ಕಾಲದಲ್ಲಿ ಅದರ ಬೆಲೆ ಎಲ್ಲರಿಗೂ ತಿಳಿಯಿತು. ಸೋಂಕಿತರ ಮಲದಲ್ಲಿ ವೈರಾಣುವಿನ ತುಣುಕುಗಳಿರುತ್ತವೆ. ಆದ್ದರಿಂದ ಪರೀಕ್ಷೆಗೇ ಹೋಗದವರ ಸುಳಿವೂ ಚರಂಡಿಯಲ್ಲಿ ಸಿಗುತ್ತದೆ, ಅದೂ ಯಾರ ಹೆಸರೂ ಬಯಲಾಗದೆ. ಚೆನ್ನೈನ ಕೊಳಚೆಯಲ್ಲಿ ಕೊರೊನಾ ವೈರಾಣುವನ್ನೂ ಸಾವಯವ ರಾಸಾಯನಿಕಗಳನ್ನೂ ಒಟ್ಟಿಗೆ ಹುಡುಕಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಬೆಂಗಳೂರಿನಲ್ಲಿ 2022ರ ಮೊದಲ ಆರು ತಿಂಗಳು 28 ಶುದ್ಧೀಕರಣ ಘಟಕಗಳ ಮಾದರಿಗಳನ್ನು ಪರೀಕ್ಷಿಸಿ, ಹೊಸ ತಳಿಗಳನ್ನೂ ಗುರುತಿಸಲಾಯಿತು.

ಟಿ. ನಗರದಂಥ ಕಡೆ ಒಂದು ತೊಡಕಿದೆ. ಅಲ್ಲಿನ ಅಂಗಡಿಸಾಲಿನ ರಂಗನಾಥನ್ ಬೀದಿಗೆ ದಿನವೂ ಹೊರಗಿನವರು ಕಿಕ್ಕಿರಿದು ಬರುತ್ತಾರೆ. ಅಲ್ಲಿನ ಚರಂಡಿಯ ಲೆಕ್ಕ ಬರೀ ನಿವಾಸಿಗಳದ್ದಲ್ಲ. ಫಲಿತಾಂಶ ಓದುವವರು ಇದನ್ನು ಗಮನಿಸಲೇಬೇಕು.