ಬಿಡಿ ಕಾಳು, ಹೊಲಿದ ಚೀಲ

ಅರಸೀಕೆರೆಯಿಂದ ಹರಪನಹಳ್ಳಿಗೆ ಬಸ್ಸಿನಲ್ಲಿ ಜೋಳ ಕಳುಹಿಸುವವರು ಬಿಡಿ ಕಾಳನ್ನು ಕಂಡಕ್ಟರನ ಕೈಗೆ ಸುರಿಯುವುದಿಲ್ಲ. ಚೀಲಕ್ಕೆ ತುಂಬಿ, ಬಾಯಿ ಹೊಲಿದು ಒಪ್ಪಿಸುತ್ತಾರೆ. ಎದುರಿಗಿದ್ದವರಿಗೆ ಬೊಗಸೆಯಲ್ಲೇ ಕೊಟ್ಟರೂ ಆದೀತು. ತಡವಾಗಿ ತಲುಪಬೇಕಾದುದಕ್ಕೆ ಚೀಲ ಬೇಕು. ಗಣಕಯಂತ್ರದ ಭಾಷೆಯೊಂದರಲ್ಲಿಯೂ ಇಂಥದೇ ಕಟ್ಟಳೆ ಬೆಳೆದುಬಂದುದನ್ನು ವಾಚಕರು ತಿಳಿಯಬೇಕು.

ಆ ಭಾಷೆ ಆಬ್ಜೆಕ್ಟಿವ್-ಸಿ. 1980ರ ದಶಕದ ಆರಂಭದಲ್ಲಿ ಅಮೆರಿಕದ ಬ್ರಾಡ್ ಕಾಕ್ಸ್ ಮತ್ತು ಟಾಮ್ ಲವ್ ಇದನ್ನು ಕಟ್ಟಿದರು. ಬೆಲ್ ಪ್ರಯೋಗಶಾಲೆಯಲ್ಲಿ ಡೆನಿಸ್ ರಿಚಿ ರೂಪಿಸಿದ್ದ ‘ಸಿ’ ಭಾಷೆಗೆ ಸ್ಮಾಲ್‌ಟಾಕ್ ಭಾಷೆಯ ಸಂದೇಶ ಪದ್ಧತಿಯನ್ನು ಕಸಿ ಮಾಡಿದರು. ಸ್ಮಾಲ್‌ಟಾಕಿನಲ್ಲಿ ಅಂಕಿಯೂ ಒಂದು ‘ವಸ್ತು’, ಎಂದರೆ ಹೊಲಿದ ಚೀಲ. ‘ಸಿ’ಯಲ್ಲಿ ಅಂಕಿ ಬರಿಯ ಬಿಡಿ ಕಾಳು. ಈ ಎರಡು ಮನೆತನಗಳ ನಂಟಿನಲ್ಲಿಯೇ ಮುಂದಿನ ತೊಡಕಿನ ಬೇರುಂಟು.

1988ರಲ್ಲಿ ಸ್ಟೀವ್ ಜಾಬ್ಸರ ನೆಕ್ಸ್ಟ್ ಸಂಸ್ಥೆ ಈ ಭಾಷೆಯ ಪರವಾನಗಿ ಪಡೆಯಿತು. ಮುಂದೆ ಆ ಸಂಸ್ಥೆ ಆಪಲ್ಲಿಗೆ ಸೇರಿದಾಗ ಭಾಷೆಯೂ ಅಲ್ಲಿಗೆ ಬಂದಿತು. ‘ಇಷ್ಟು ಸೆಕೆಂಡಿನ ಬಳಿಕ ಈ ಕೆಲಸ ಮಾಡು’ ಎಂಬ ಆಜ್ಞೆಯೊಂದು ಅದರ ಸಲಕರಣೆಗಳಲ್ಲಿದೆ. ಆಜ್ಞೆಯ ಜೊತೆಗೆ ಕಳುಹಿಸಲು ವಸ್ತುವಿಗೆ ಮಾತ್ರ ಸ್ಥಳವುಂಟು; ಹೊತ್ತು ಬರುವವರೆಗೆ ಯಂತ್ರ ಅದನ್ನು ಬಿಡದೆ ಹಿಡಿದಿರುತ್ತದೆ.

ಬಿಡಿ ಅಂಕಿಯನ್ನು ಅಲ್ಲಿಗೆ ಬಲವಂತವಾಗಿ ತುರುಕಿದರೆ ಏನಾದೀತು? ಯಂತ್ರ ಅದನ್ನು ವಸ್ತುವಿನ ವಿಳಾಸವೆಂದೇ ನಂಬಿ, ಇಲ್ಲದ ಮನೆಯ ಕದ ತಟ್ಟುತ್ತದೆ. ಸಾಮಾನ್ಯವಾಗಿ ಕೆಲಸವೆಲ್ಲ ಅಲ್ಲಿಗೇ ನಿಂತುಹೋಗುತ್ತದೆ. ಸೊನ್ನೆಯಾದರೆ ‘ಏನೂ ಇಲ್ಲ’ವೆಂದು ಸುಮ್ಮನೆ ಸಾಗಿ, ತಪ್ಪನ್ನು ಮರೆಸುತ್ತದೆ.

ಇದಕ್ಕಿಂತ ಅಪಾಯದ್ದು ಇನ್ನೊಂದು. ‘ಇಲ್ಲ’ ಎಂಬ ಉತ್ತರವನ್ನು ಸರಿಯಾಗಿಯೇ ಚೀಲದಲ್ಲಿ ಕಟ್ಟಿ ಕಳುಹಿಸಿದಿರಿ ಎನ್ನಿ. ಪಡೆಯುವ ಕಡೆ ಚೀಲ ಬಿಚ್ಚದೆ ಚೀಲವನ್ನೇ ಉತ್ತರವೆಂದುಕೊಂಡರೆ, ಸೊನ್ನೆಯಲ್ಲದ ಅದರ ವಿಳಾಸ ‘ಹೌದು’ ಎಂದಾಗಿಬಿಡಬಹುದು. ಅಳಿಸಬೇಡವೆಂದ ಕಡತ ಅಳಿಸಿಹೋದೀತು! ಅದೂ ಕೆಲವು ಸೆಕೆಂಡು ಕಳೆದ ಮೇಲೆ, ತಪ್ಪು ಮಾಡಿದ ಜಾಗದಿಂದ ದೂರದಲ್ಲಿ.

ಆದುದರಿಂದ ಅಂಕಿಯನ್ನು ‘ಎನ್‌ಎಸ್‌ನಂಬರ್’ ಎಂಬ ವಸ್ತುವಿನಲ್ಲಿ ಕಟ್ಟುವುದೂ, ಪಡೆದವರು ಬಿಚ್ಚಿಕೊಳ್ಳುವುದೂ ವಾಡಿಕೆಯಾಯಿತು. 2009ರಲ್ಲಿ ಆಪಲ್ ‘ಬ್ಲಾಕ್’ ಎಂಬ ಹೊಸ ಅನುಕೂಲವನ್ನು ತಂದಿತು: ಮಾಡಬೇಕಾದ ಕೆಲಸವೂ ಅದಕ್ಕೆ ಬೇಕಾದ ಅಂಕಿಗಳೂ ಒಂದೇ ಗಂಟಿನಲ್ಲಿ. 2012ರಲ್ಲಿ ಅಂಕಿಯ ಹಿಂದೆ ಒಂದು ಚಿಹ್ನೆ ಹಾಕಿದರೆ ಅದು ತಾನೇ ವಸ್ತುವಾಗುವ ಬರಹವೂ ಬಂದಿತು.

ಹೊಲಿಯುವ ಶ್ರಮ ಹೀಗೆ ಕಡಿಮೆಯಾಯಿತು. ಆದರೆ ತಡವಾಗಿ ತಲುಪುವ ಮಾತಿಗೆ ಕಳುಹಿಸುವವರೂ ಪಡೆಯುವವರೂ ಒಂದೇ ಕಟ್ಟಿಗೆ ಒಪ್ಪಿರಬೇಕೆಂಬ ಹಳೆಯ ನಿಯಮ ಮಾತ್ರ ತಪ್ಪಲಿಲ್ಲ.