ಅರಿವಳಿಕೆಯಲ್ಲಿ ಶ್ವಾಸಮಾರ್ಗ ನಿರ್ವಹಣೆ: ಹಿರಿಯರು ಮತ್ತು ಕಿರಿಯರು

ಪೂರ್ಣ ಅರಿವಳಿಕೆ ಕೊಟ್ಟ ಕೂಡಲೇ ನಾಲಿಗೆ, ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಸ್ನಾಯು ಸಡಿಲಿಸುವ ಔಷಧವೂ ಸೇರಿದರೆ ಉಸಿರಾಟವೇ ನಿಲ್ಲುತ್ತದೆ. ಆಗ ದಾರಿ ತೆರೆದಿಟ್ಟು ಆಮ್ಲಜನಕ ತಲುಪಿಸುವ ಕೆಲಸವೇ ಶ್ವಾಸಮಾರ್ಗ ನಿರ್ವಹಣೆ. ಮುಖಕ್ಕೆ ಒತ್ತಿ ಹಿಡಿಯುವ ಮಾಸ್ಕ್, ಬ್ರಿಟನ್ನಿನ ಆರ್ಚಿ ಬ್ರೈನ್ 1981ರಲ್ಲಿ ರೂಪಿಸಿದ, ಗಂಟಲೊಳಗೆ ಕೂರುವ ಲಾರಿಂಜಿಯಲ್ ಮಾಸ್ಕ್, ಶ್ವಾಸನಾಳಕ್ಕೆ ಇಳಿಸುವ ಟ್ಯೂಬ್ ಇದರ ಮುಖ್ಯ ಸಾಧನಗಳು. ವಯಸ್ಕರಿಗೆಲ್ಲ ಸಾಧನ ಇವೇ. ಆದರೆ ತೊಡಕು ಎಲ್ಲಿ ಎದುರಾಗುತ್ತದೆ ಎಂಬುದು ವಯಸ್ಸಿನೊಂದಿಗೆ ಬದಲಾಗುತ್ತದೆ.

ಹಿರಿಯರಲ್ಲಿ ಮೊದಲ ತೊಡಕು ಮಾಸ್ಕಿನದು. ಬೊಚ್ಚುಬಾಯಿಯವರ ಕೆನ್ನೆ ಒಳಕ್ಕೆ ಕುಸಿದಿರುವುದರಿಂದ ಮಾಸ್ಕಿನ ಅಂಚು ಮುಖಕ್ಕೆ ಕೂರದೆ ಗಾಳಿ ಸೋರುತ್ತದೆ. ಫ್ರಾನ್ಸಿನಲ್ಲಿ ಲಾಂಜೆರಾನ್ ಮತ್ತು ಸಂಗಡಿಗರು 1,502 ರೋಗಿಗಳನ್ನು ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನವು ಮಾಸ್ಕ್ ಉಸಿರಾಟ ಕಷ್ಟವಾಗುವ ಐದು ಸೂಚನೆಗಳನ್ನು ಗುರುತಿಸಿತು: 55 ದಾಟಿದ ವಯಸ್ಸು, ಹಲ್ಲಿಲ್ಲದಿರುವುದು, ಗಡ್ಡ, ಗೊರಕೆ, ಹೆಚ್ಚಿದ ಮೈತೂಕ. ಆದ್ದರಿಂದ ಕೆಲವು ತಜ್ಞರು ಗಟ್ಟಿಯಾಗಿ ಕೂತಿರುವ ಕಟ್ಟಿಸಿದ ಹಲ್ಲನ್ನು ಮಾಸ್ಕ್ ಹಿಡಿಯುವಷ್ಟು ಹೊತ್ತು ಬಾಯಲ್ಲೇ ಬಿಟ್ಟು, ಟ್ಯೂಬ್ ಹಾಕುವ ಮುನ್ನ ತೆಗೆಯುತ್ತಾರೆ.

ಟ್ಯೂಬ್ ಹಾಕುವಾಗ ಇದೇ ಬೊಚ್ಚುಬಾಯಿ ಅನುಕೂಲಕ್ಕೆ ಬರುತ್ತದೆ: ಗಂಟಲೊಳಗೆ ನೋಡುವ ಸಾಧನವಾದ ಲಾರಿಂಗೋಸ್ಕೋಪಿಗೆ ಅಡ್ಡ ಬರುವ ಮೇಲ್ಹಲ್ಲು ಇರುವುದಿಲ್ಲ. ಅಪಾಯವಿರುವುದು ಅಲ್ಲೊಂದು ಇಲ್ಲೊಂದು ಉಳಿದು ಅಲುಗಾಡುವ ಹಲ್ಲಿನಲ್ಲಿ. ಅದು ಕಳಚಿ ಶ್ವಾಸನಾಳಕ್ಕೆ ಬೀಳಬಹುದು. ಸವೆದ ಕತ್ತಿನ ಮೂಳೆ, ಬಿಗಿದ ದವಡೆ ಕೀಲುಗಳಿಂದಾಗಿ ತಲೆ ಹಿಂದಕ್ಕೆ ಬಾಗುವುದೂ ಕಷ್ಟ. ದೀರ್ಘಕಾಲದ ಆಮವಾತದಿಂದ ಕತ್ತಿನ ಮೇಲ್ಭಾಗದ ಕೀಲು ಸಡಿಲಗೊಂಡವರಲ್ಲಿ ಬಲವಂತದ ಬಾಗಿಸುವಿಕೆ ಮಿದುಳುಬಳ್ಳಿಗೇ ಕುತ್ತು. ಇಂಥವರಿಗೆ ವಿಡಿಯೋ ಲಾರಿಂಗೋಸ್ಕೋಪ್ ನೆರವಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಅಂತರ ಸಮಯದ್ದು. ಮೊದಲೇ ಚೆನ್ನಾಗಿ ಆಮ್ಲಜನಕ ತುಂಬಿಸಿದರೆ ಆರೋಗ್ಯವಂತ ಯುವಕನ ದೇಹ ಉಸಿರಾಟ ನಿಂತ ಮೇಲೂ ಹಲವು ನಿಮಿಷ ತಾಳಿಕೊಳ್ಳುತ್ತದೆ. ವಯಸ್ಸಾದಂತೆ ಶ್ವಾಸಕೋಶ ತನ್ನ ಬಿಗಿ ಕಳೆದುಕೊಳ್ಳುತ್ತದೆ. ಸುಮಾರು 45 ದಾಟಿದವರು ಅಂಗಾತ ಮಲಗಿದರೆ ಸಹಜ ಉಸಿರಾಟದಲ್ಲೇ ಕೆಲವು ಸಣ್ಣ ವಾಯುನಾಳಗಳು ಮುಚ್ಚಿಕೊಳ್ಳತೊಡಗುತ್ತವೆ. ಹೀಗಾಗಿ ಹಿರಿಯರ ದೇಹ ಅಷ್ಟು ಹೊತ್ತು ತಾಳದು. ಅವರಿಗೆ ಅವಸರದ ನಾಲ್ಕು ದೀರ್ಘ ಉಸಿರು ಸಾಲದು, 3 ನಿಮಿಷ ಪೂರ್ತಿ ಆಮ್ಲಜನಕ ಕೊಡಬೇಕು. ಔಷಧ ನಿಧಾನವಾಗಿ ಮಿದುಳು ತಲುಪುವುದರಿಂದ ಕಾಯುವ ತಾಳ್ಮೆಯೂ ಬೇಕು. ಕಾಯದೆ ಇನ್ನಷ್ಟು ಕೊಟ್ಟರೆ ರಕ್ತದೊತ್ತಡ ಕುಸಿಯುತ್ತದೆ.

ಯುವಕರ ಗಂಟಲು ಚುರುಕು. ಅರಿವಳಿಕೆ ಅರೆಬರೆಯಾಗಿದ್ದಾಗ ಮುಟ್ಟಿದರೆ ಧ್ವನಿತಂತುಗಳು ಬಿಗಿಯಾಗಿ ಮುಚ್ಚಿಕೊಳ್ಳಬಹುದು. ಮಕ್ಕಳಲ್ಲಿ ಇದು ಇನ್ನೂ ಹೆಚ್ಚು. ಕಟ್ಟುಮಸ್ತಾದ ಯುವಕ ಮುಚ್ಚಿದ ಗಂಟಲಿನ ವಿರುದ್ಧ ಜೋರಾಗಿ ಉಸಿರೆಳೆದರೆ ಶ್ವಾಸಕೋಶದಲ್ಲಿ ನೀರು ತುಂಬುವುದೂ ಉಂಟು. ಹಿರಿಯರದು ಇದಕ್ಕೆ ತದ್ವಿರುದ್ಧ: ಕೆಮ್ಮುವ, ನುಂಗುವ ಪ್ರತಿಕ್ರಿಯೆ ಮಂದವಾಗಿ, ಹೊಟ್ಟೆಯಲ್ಲಿದ್ದದ್ದು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯಬಹುದು. ಸ್ನಾಯು ಸಡಿಲಿಸುವ ಔಷಧದ ಉಳಿಕೆ ಅವರನ್ನು ಹೆಚ್ಚು ಬಾಧಿಸುವುದರಿಂದ ಟ್ಯೂಬ್ ತೆಗೆಯುವ ಗಳಿಗೆಯೂ ಹಾಕುವ ಗಳಿಗೆಯಷ್ಟೇ ಸೂಕ್ಷ್ಮ.

ಹಾಗೆಂದು ಜನ್ಮದಿನಾಂಕವನ್ನಷ್ಟೇ ನಂಬುವಂತಿಲ್ಲ. ಅಡಿಕೆ, ಗುಟ್ಕಾ ಜಗಿಯುವ ಅಭ್ಯಾಸವಿರುವ ಕರ್ನಾಟಕದಂಥ ಕಡೆ ಇಪ್ಪತ್ತೈದರ ಹುಡುಗನ ಬಾಯಿಯೂ ಎರಡು ಬೆರಳು ತೂರದಷ್ಟು ಬಿಗಿದಿರಬಹುದು. ಬಾಯಿಯ ಒಳಪದರದ ಕೆಳಗೆ ನಾರು ಕಟ್ಟುವ ಈ ರೋಗದಲ್ಲಿ ಎಷ್ಟು ಅರಿವಳಿಕೆ ಕೊಟ್ಟರೂ ದವಡೆ ಸಡಿಲವಾಗುವುದಿಲ್ಲ. ರೋಗಿ ಎಚ್ಚರವಿರುವಾಗಲೇ ಗಂಟಲು ಮರಗಟ್ಟಿಸಿ ಮೂಗಿನ ಮೂಲಕ ಬಾಗುವ ಫೈಬರ್ ದರ್ಶಕದ ನೆರವಿನಿಂದ ಟ್ಯೂಬ್ ಇಳಿಸುವುದೇ ಇಲ್ಲಿ ಸುರಕ್ಷಿತ ದಾರಿ. ಭಾರತೀಯ ಮೂಲದ ಶೇಷಗಿರಿ ರಾವ್ ಮಲ್ಲಂಪಾಟಿ 1985ರಲ್ಲಿ ಬೋಸ್ಟನ್ನಿನಿಂದ ಪ್ರಕಟಿಸಿದ, ಬಾಯಿ ತೆರೆಸಿ ನಾಲಿಗೆ ಚಾಚಿಸಿ ಕಿರುನಾಲಿಗೆ ಎಷ್ಟು ಕಾಣುತ್ತದೆಂದು ನೋಡುವ ಪರೀಕ್ಷೆ ಇಂದಿಗೂ ಹಿರಿಕಿರಿಯರೆಲ್ಲರಿಗೂ ನಡೆಯುತ್ತದೆ. ಅದೊಂದರಿಂದಲೇ ಎಲ್ಲವೂ ತಿಳಿಯದು. ಕತ್ತು, ದವಡೆ, ಹಲ್ಲುಗಳನ್ನೂ ಕೂಡಿಸಿ ನೋಡಬೇಕು.

ಶಸ್ತ್ರಚಿಕಿತ್ಸೆಗೆ ಹೋಗುವವರು ಕಟ್ಟಿಸಿದ ಅಥವಾ ಅಲುಗಾಡುವ ಹಲ್ಲು, ಗೊರಕೆ, ಕತ್ತುನೋವು, ಅಡಿಕೆ-ಗುಟ್ಕಾ ಚಟ, ಹಿಂದಿನ ಅರಿವಳಿಕೆಯಲ್ಲಾದ ತೊಂದರೆ ಇವಿಷ್ಟನ್ನೂ ಅರಿವಳಿಕೆ ತಜ್ಞರಿಗೆ ಮುಚ್ಚಿಡದೆ ಹೇಳಬೇಕು.