ಪೀಣ್ಯ ಮೇಲ್ಸೇತುವೆ: ಕೆಡವುವ ಚರ್ಚೆ

ಬೆಂಗಳೂರಿನಿಂದ ನೆಲಮಂಗಲಕ್ಕೆ ಹೋಗುವ ತುಮಕೂರು ರಸ್ತೆಯ ಮೇಲೆ, ಗೊರಗುಂಟೆಪಾಳ್ಯದ ಕಡೆಯಿಂದ ನಾಗಸಂದ್ರದ ಪಾರ್ಲೆ ಕಾರ್ಖಾನೆಯ ಸಮೀಪದವರೆಗೆ ನಾಲ್ಕು ಕಿಲೋಮೀಟರಿಗೂ ಮಿಕ್ಕಿ ಸಾಗುವ ಎತ್ತರಿಸಿದ ಹೆದ್ದಾರಿ. ಈಗಿನ ಹೆಸರು ಡಾ. ಶಿವಕುಮಾರ ಸ್ವಾಮೀಜಿ ಮೇಲ್ಸೇತುವೆ; ಬಳಕೆಯಲ್ಲಿ ಪೀಣ್ಯ ಫ್ಲೈಓವರ್. 2010ರಲ್ಲಿ ತೆರೆದ ಇದು 2021ರ ಡಿಸೆಂಬರ್ 25ರಂದು ಮುಚ್ಚಿತು. ನಗರದ ನಡುವೆ ನಿಂತ ಹೆದ್ದಾರಿ ಸೇತುವೆಯೊಂದನ್ನು ಕೆಡವಬೇಕೇ, ಉಳಿಸಬೇಕೇ ಎಂಬ ಪ್ರಶ್ನೆ ಕರ್ನಾಟಕದಲ್ಲಿ ಇಷ್ಟು ಗಂಭೀರವಾಗಿ ಎದ್ದದ್ದು ಈ ಒಂದೇ ಕಡೆ ಎನ್ನಬಹುದು.

ರಸ್ತೆ

ಹಿಂದೆ 4ನೆಯ ಸಂಖ್ಯೆಯಿದ್ದ, ಈಗ 48 ಎಂದಾಗಿರುವ ರಾಷ್ಟ್ರೀಯ ಹೆದ್ದಾರಿಯ ಭಾಗವಿದು. ಪುಣೆ, ಹುಬ್ಬಳ್ಳಿ, ದಾವಣಗೆರೆ ಕಡೆಯ ಲಾರಿಗಳು, ನೆಲಮಂಗಲದಲ್ಲಿ ಬಂದು ಕೂಡುವ ಹಾಸನ, ಮಂಗಳೂರು ಕಡೆಯ ಬಸ್ಸುಗಳು, ಯಶವಂತಪುರದ ಎಪಿಎಂಸಿ ಮಾರುಕಟ್ಟೆಗೆ ಬರುವ ಸರಕು ಎಲ್ಲವೂ ಇಲ್ಲೇ ಹಾಯಬೇಕು. ನೆಲಮಂಗಲ, ದಾಬಸ್‌ಪೇಟೆ, ಕುಣಿಗಲ್ ಕಡೆಯವರಿಗೆ ನಗರದ ಹೆಬ್ಬಾಗಿಲು ಇದೇ. ಪೀಣ್ಯ ಕೈಗಾರಿಕಾ ಪ್ರದೇಶ, ಜಾಲಹಳ್ಳಿ ಕ್ರಾಸ್, ದಾಸರಹಳ್ಳಿ, ಎಂಟನೇ ಮೈಲಿಗಳ ಸ್ಥಳೀಯ ಓಡಾಟ ಕೆಳಗೆ, ದೂರದ ವಾಹನಗಳು ಮೇಲೆ ಎಂಬುದು ಸೇತುವೆ ಕಟ್ಟಿದವರ ಲೆಕ್ಕ.

ಕೇಬಲ್‌ಗಳು

ಚರ್ಚೆಯ ತಿರುಳು ಸೇತುವೆಯ ಒಡಲಲ್ಲಿದೆ. ಮೇಲಿನ ರಸ್ತೆಯನ್ನು ಹೊತ್ತಿರುವುದು ಒಳಗೆ ಟೊಳ್ಳಾದ, ಪೆಟ್ಟಿಗೆಯಾಕಾರದ ಕಾಂಕ್ರೀಟ್ ತೊಲೆ. ಇಂಥ ತೊಲೆಯ ತುಂಡುಗಳನ್ನು ಬೇರೆಡೆ ಎರಕ ಹೊಯ್ದು ತಂದು, ಎರಡು ಕಂಬಗಳ ನಡುವೆ ಸಾಲಾಗಿ ಜೋಡಿಸಿ, ಉಕ್ಕಿನ ಕೇಬಲ್‌ಗಳನ್ನು ಹಾಯಿಸಿ ಜಾಕ್‌ಗಳಿಂದ ಬಲವಾಗಿ ಎಳೆದು ಬಿಗಿಯುತ್ತಾರೆ. ಗಾರೆ ಕೆಲಸದವರು ಒಂದು ಸಾಲು ಇಟ್ಟಿಗೆಯನ್ನು ಎರಡೂ ತುದಿಯಿಂದ ಅಂಗೈಗಳಲ್ಲಿ ಒತ್ತಿ ಒಟ್ಟಿಗೇ ಎತ್ತುವುದಿಲ್ಲವೇ, ಹಾಗೆ. ಒತ್ತಡ ಇರುವವರೆಗೆ ಸಾಲು ಒಂದೇ ತೊಲೆ. ಒತ್ತಡ ಹೋದರೆ ಬಿಡಿ ತುಂಡುಗಳು.

ಕೇಬಲ್ ಎಂದರೆ ಒಂದೇ ತಂತಿಯಲ್ಲ. ಏಳು ತಂತಿಗಳನ್ನು ಹೊಸೆದ ಎಳೆಗಳ ಕಟ್ಟು ಅದು. ಈ ಉಕ್ಕು ಮನೆ ಕಟ್ಟುವ ಕಂಬಿಗಿಂತ ಹಲವು ಪಟ್ಟು ಬಲವಾದದ್ದು. ಆದರೆ ಹಗಲಿರುಳೂ ತನ್ನ ಶಕ್ತಿಯ ಬಹುಪಾಲನ್ನು ತೆರುವಷ್ಟು ಸೆಳೆತದಲ್ಲಿರುವುದರಿಂದ ತುಕ್ಕನ್ನು ಅದು ಸಹಿಸದು. ಅದಕ್ಕಾಗಿಯೇ ಕೇಬಲ್ಲನ್ನು ಕೊಳವೆಯೊಳಗೆ ಹಾಯಿಸಿ, ಸುತ್ತ ಸಿಮೆಂಟಿನ ತಿಳಿಗಾರೆ ತುಂಬುತ್ತಾರೆ. ಈ ಗಾರೆಯಲ್ಲಿ ನೀರು ಹೆಚ್ಚಾದರೆ ಅದು ಮೇಲಕ್ಕೆ ತೇಲಿ ಬರುತ್ತದೆ. ಮುಂದೆ ಆ ನೀರು ಆರಿದಾಗ ಕೊಳವೆಯ ಎತ್ತರದ ತಿರುವಿನಲ್ಲಿ, ತುದಿಯ ಲಂಗರಿನ ಬಳಿ ಪೊಳ್ಳು ಉಳಿಯುತ್ತದೆ. ಅಲ್ಲಿ ಗಾಳಿ, ತೇವ ಸೇರಿದರೆ ತಂತಿ ಒಂದೊಂದಾಗಿ ಸವೆಯತೊಡಗುತ್ತದೆ. ಹೊರಗಿನ ಕಾಂಕ್ರೀಟು ಮಾತ್ರ ನುಣ್ಣಗೇ ಇರುತ್ತದೆ. ಸಾಮಾನ್ಯ ಕಾಂಕ್ರೀಟಿನಲ್ಲಿ ಬಿರುಕು ಬಿಟ್ಟು, ಪದರ ಎದ್ದು ಕಾಯಿಲೆ ಮುಂಚಿತವಾಗಿ ತಿಳಿಯುತ್ತದೆ. ಇಲ್ಲಿ ಆ ಮುನ್ಸೂಚನೆಯನ್ನು ನಂಬಿ ಕೂರುವಂತಿಲ್ಲ. ಬ್ರಿಟನ್ನಿನ ವೇಲ್ಸ್‌ನಲ್ಲಿ ಇನಿಸ್-ಇ-ಗ್ವಾಸ್ ಎಂಬ ಸಣ್ಣ ಸೇತುವೆ 1985ರಲ್ಲಿ ಹೀಗೆಯೇ ಯಾವ ಸುಳಿವೂ ಕೊಡದೆ ಕುಸಿಯಿತು. ತುಂಡುಗಳ ಸಂದಿನಲ್ಲಿ ಕೇಬಲ್‌ಗಳು ತುಕ್ಕು ಹಿಡಿದಿದ್ದವು. ಗಾರೆ ತುಂಬಿದ ಕೇಬಲ್‌ಗಳಿರುವ ಹೊಸ ಸೇತುವೆಗಳಿಗೆ ಅಲ್ಲಿನ ಸರ್ಕಾರ 1992ರಲ್ಲಿ ಕೆಲವು ವರ್ಷಗಳ ಮಟ್ಟಿಗೆ ತಡೆಯನ್ನೇ ಹಾಕಿತ್ತು.

ಪೀಣ್ಯದಲ್ಲಿ 102 ಮತ್ತು 103ನೇ ಕಂಬಗಳ ನಡುವಿನ ಅಂಕಣದಲ್ಲಿ ದೋಷ ಕಂಡಿತು. ಪರಿಶೀಲನೆಗೆ ಬಂದ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಆ ಒಂದು ಅಂಕಣಕ್ಕೆ ನಿಲ್ಲಲಿಲ್ಲ. ಒಂದೇ ಕಾಲದಲ್ಲಿ, ಒಂದೇ ವಿಧಾನದಲ್ಲಿ ಕಟ್ಟಿದ ಉಳಿದ ಅಂಕಣಗಳು ಮಾತ್ರ ಗಟ್ಟಿ ಎಂದು ನಂಬಲು ಕಾರಣವಿರಲಿಲ್ಲ. ಈ ಎಚ್ಚರಿಕೆಯನ್ನು ಇಡೀ ಪ್ರಕರಣದ ಅತ್ಯಂತ ಮುಖ್ಯ ತೀರ್ಮಾನವೆಂದು ಎಣಿಸಬೇಕು. ಒಂದೇ ಅಂಕಣವನ್ನು ಸರಿಪಡಿಸಿ ಲಾರಿಗಳನ್ನು ಬಿಟ್ಟಿದ್ದರೆ ಅಪಾಯ ಮುಂದಿನ ಅಂಕಣಕ್ಕೆ ಸರಿಯುತ್ತಿತ್ತು, ಅಷ್ಟೇ.

ಸೇತುವೆಯ 120 ಅಂಕಣಗಳಲ್ಲಿ ತಲಾ ಹತ್ತರಂತೆ 1,200 ಕೇಬಲ್‌ಗಳಿದ್ದವು. ಮುಂದೆ ಬೇಕಾದೀತೆಂದು ಪ್ರತಿ ಅಂಕಣದಲ್ಲೂ ಇನ್ನೆರಡು ಕೇಬಲ್‌ಗಳಿಗೆ ಜಾಗ ಬಿಟ್ಟಿದ್ದರು. ಈ ಖಾಲಿ ಜಾಗವೇ ಸೇತುವೆಯ ಹಣೆಬರಹ ತೀರ್ಮಾನಿಸಿತು ಎಂದರೆ ತಪ್ಪಾಗದು. ಮೊದಲು ಅಲ್ಲಿ 240 ಹೊಸ ಕೇಬಲ್ ಹಾಕುವುದು, ಆಮೇಲೆ ಹಳೆಯ 1,200ನ್ನು ಹಂತಹಂತವಾಗಿ ಬದಲಿಸುವುದು ಎಂಬ ಕ್ರಮ ನಿರ್ಧಾರವಾಯಿತು. ಹತ್ತಕ್ಕೆ ಎರಡು ಸೇರಿಸಿದರೆ ಒತ್ತುವ ಬಲ ಸರಿಸುಮಾರು ಐದನೇ ಒಂದರಷ್ಟು ಹೆಚ್ಚುತ್ತದೆ. ಹಳೆಯದೊಂದನ್ನು ಸಡಿಲಿಸಿ ತೆಗೆಯುವಾಗ ಅಂಕಣ ನಿಲ್ಲಲು ಆ ಹೆಚ್ಚುವರಿ ಬಲವೇ ಆಧಾರ.

ಕೆಡವಬೇಕೆಂಬ ವಾದ

2022ರ ಫೆಬ್ರುವರಿ 16ರಂದು ಲಘು ವಾಹನಗಳಿಗೆ ಮಾತ್ರ ದಾರಿ ತೆರೆಯಿತು. ಬಸ್ಸು, ಲಾರಿಗಳೆಲ್ಲ ಕೆಳಗಿನ ರಸ್ತೆಗೆ ಬಿದ್ದವು. ಪೀಣ್ಯದ ಉದ್ಯಮಿಗಳು ಸರಕು ಸಾಗಣೆಯ ತೊಂದರೆಯನ್ನು ಮತ್ತೆ ಮತ್ತೆ ಹೇಳಿಕೊಂಡರು. ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್‌ಗಳಲ್ಲಿ ರಸ್ತೆ ದಾಟುವುದೇ ಪಾಡಾಯಿತು. ಹನ್ನೊಂದು ವರ್ಷಕ್ಕೇ ಸೋತ ಸೇತುವೆಗೆ ತೇಪೆ ಹಾಕುವ ಬದಲು ಕೆಡವಿ ಹೊಸದು ಕಟ್ಟಿ ಎಂಬ ಮಾತು ಜನರ ನಡುವೆ ಹುಟ್ಟಿ, ಆ ವರ್ಷ ವಿಧಾನಮಂಡಲದವರೆಗೂ ಹೋಯಿತು.

ಆ ವಾದಕ್ಕೆ ಹತ್ತಿರದ ನಿದರ್ಶನವೂ ಇತ್ತು. ಕೊಚ್ಚಿಯ ಪಾಲಾರಿವಟ್ಟಂ ಮೇಲ್ಸೇತುವೆ 2016ರಲ್ಲಿ ತೆರೆದು 2019ರಲ್ಲಿ ಮುಚ್ಚಿತು. ಭಾರ ಪರೀಕ್ಷೆ ನಡೆಸಿಯೇ ನಿರ್ಧರಿಸಬೇಕೆಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2020ರ ಸೆಪ್ಟೆಂಬರಿನಲ್ಲಿ ಮರುನಿರ್ಮಾಣಕ್ಕೆ ಅನುಮತಿ ಸಿಕ್ಕಿ, 2021ರ ಮಾರ್ಚಿಗೆ ಸೇತುವೆ ಮತ್ತೆ ತೆರೆಯಿತು. ಆದರೆ ಅದು ಒಂದು ಜಂಕ್ಷನ್ ದಾಟುವ ಚಿಕ್ಕ ಸೇತುವೆ. ಪೀಣ್ಯದ 120 ಅಂಕಣಗಳನ್ನು, ಕೆಳಗೆ ಸಂಚಾರ ನಿಲ್ಲದ ಹೆದ್ದಾರಿ, ಪಕ್ಕದಲ್ಲೇ ನಮ್ಮ ಮೆಟ್ರೊದ ಹಸಿರು ಮಾರ್ಗ ಇರುವಾಗ ಬಿಚ್ಚುವುದು ಬೇರೆಯದೇ ಗಾತ್ರದ ಕೆಲಸ. ಬಿಗಿದ ಕೇಬಲ್ಲುಳ್ಳ ತೊಲೆಯನ್ನು ಕಟ್ಟಡ ಒಡೆದಂತೆ ಒಡೆಯಲಾಗದು. ಆಧಾರ ಕೊಟ್ಟು, ಬಿಗಿತ ಇಳಿಸಿ, ತುಂಡು ತುಂಡಾಗಿ ಇಳಿಸಬೇಕು. ಈ ಲೇಖಕನ ಅಭಿಪ್ರಾಯದಲ್ಲಿ ದುರಸ್ತಿಯ ನಿರ್ಧಾರ ಸರಿಯಾದದ್ದು.

ಬೇರೆಡೆಯ ಹಾದಿಗಳು

ಪೀಣ್ಯಕ್ಕೆ ತೀರ ಹತ್ತಿರದ ಹೋಲಿಕೆ ಲಂಡನ್ನಿನ ಹ್ಯಾಮರ್‌ಸ್ಮಿತ್ ಮೇಲ್ಸೇತುವೆ. 1961ರ ಈ ಸೇತುವೆ ಕೇಬಲ್‌ಗಳ ತುಕ್ಕಿನಿಂದಲೇ 2011ರ ಡಿಸೆಂಬರಿನಲ್ಲಿ ಮುಚ್ಚಿ, ಮುಂದಿನ ವರ್ಷದ ಒಲಿಂಪಿಕ್ಸ್‌ಗೆ ಮುನ್ನ ಹೊಸ ಕೇಬಲ್‌ಗಳೊಂದಿಗೆ ತೆರೆಯಿತು. ಅಲ್ಲಿ ಸೇತುವೆ ತೆಗೆದು ಸುರಂಗ ತೋಡಿ ಎಂಬ ಬೇಡಿಕೆಯನ್ನು ಸ್ಥಳೀಯರು ಗಟ್ಟಿಯಾಗಿ ಮುಂದಿಟ್ಟರು. ಸೋಲ್‌ನಲ್ಲಿ ಚೊಂಗ್‌ಗ್ಯೆಚೊನ್ ತೊರೆಯ ಮೇಲಿನ ಹೆದ್ದಾರಿಯೂ ತುಕ್ಕು ಹಿಡಿದು, ಭಾರಿ ವಾಹನಗಳಿಗೆ ನಿಷೇಧ ಹಾಕಿಸಿಕೊಂಡಿತ್ತು. ದುರಸ್ತಿಗೆ ಹಣ ಸುರಿಯುವ ಬದಲು 2003ರಲ್ಲಿ ಕೆಡವಲು ತೊಡಗಿ, 2005ರಲ್ಲಿ ತೊರೆಯನ್ನೇ ತೆರೆದರು. ಸ್ಯಾನ್ ಫ್ರಾನ್ಸಿಸ್ಕೊದ ಎಂಬಾರ್ಕಡೆರೊ ಹೆದ್ದಾರಿ 1989ರ ಭೂಕಂಪದಲ್ಲಿ ಜಖಂಗೊಂಡು 1991ರಲ್ಲಿ ನೆಲಸಮವಾಯಿತು.

ಬೆಂಗಳೂರಿನ ಅನುಭವ ಬೇರೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಸೇತುವೆಯನ್ನು ಜನ 2016ರ ಅಕ್ಟೋಬರ್ 16ರಂದು ಮಾನವ ಸರಪಳಿ ಕಟ್ಟಿ ವಿರೋಧಿಸಿದರು. 812 ಮರಗಳಿಗೆ ಕುತ್ತಾಗಿದ್ದ ಆ ಯೋಜನೆಯನ್ನು ಸರ್ಕಾರ 2017ರ ಮಾರ್ಚಿನಲ್ಲಿ ಕೈಬಿಟ್ಟಿತು. ಜಯದೇವ ಮೇಲ್ಸೇತುವೆಯನ್ನು 2020ರಲ್ಲಿ ಕೆಡವಿದ್ದು ಮೆಟ್ರೊಗಾಗಿ. ಆ ಜಾಗದಲ್ಲಿ ಅದಕ್ಕಿಂತ ಎತ್ತರದ ಕಟ್ಟೋಣ ಎದ್ದಿತು. ಹೊಸ ಸೇತುವೆ ಬೇಡವೆನ್ನುವ ಧೈರ್ಯ ನಗರಕ್ಕಿತ್ತು. ಇರುವ ಸೇತುವೆಯಿಲ್ಲದೆ ರಸ್ತೆ ಹೇಗಿರಬಹುದೆಂದು ಕೇಳುವ ಅವಕಾಶ ಪೀಣ್ಯದಲ್ಲಿ ಒದಗಿದಾಗ ಚರ್ಚೆ ಕೇಬಲ್ಲಿನ ಆಚೆಗೆ ಬೆಳೆಯಲಿಲ್ಲ. ಭಾರಿ ವಾಹನಗಳು ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಕೆಳಗೇ ಓಡಿದವು. ಪಾದಚಾರಿಗಳು, ಬಸ್ ನಿಲ್ದಾಣ, ಲಾರಿಗಳ ವೇಳೆ ಇವನ್ನೆಲ್ಲ ಹೊಸದಾಗಿ ಯೋಚಿಸಲು ಆ ಕಾಲ ಸಾಕಿತ್ತು. ಇದು ದೊಡ್ಡ ನಷ್ಟ.

ಈಚಿನ ಸ್ಥಿತಿ

2024ರ ಜನವರಿಯಲ್ಲಿ ಸೇತುವೆಯನ್ನು ಪೂರ್ತಿ ಮುಚ್ಚಿ ಭಾರ ಪರೀಕ್ಷೆ ನಡೆಯಿತು. ಜುಲೈ 29ರಿಂದ ಭಾರಿ ವಾಹನಗಳಿಗೂ ಅನುಮತಿ ದೊರೆಯಿತು. ಶುಕ್ರವಾರ ಬೆಳಗ್ಗೆ 6ರಿಂದ ಶನಿವಾರ ಬೆಳಗ್ಗೆ 6ರವರೆಗೆ ಮಾತ್ರ, ನಿರ್ವಹಣೆಗೆಂದು, ಅವುಗಳಿಗೆ ತಡೆ ವಿಧಿಸಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ಹಸಿರು ಮಾರ್ಗ ನಾಗಸಂದ್ರದಿಂದ ಮಾದಾವರಕ್ಕೆ ವಿಸ್ತರಿಸಿತು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮಾರ್ಗವಾಗಿ ಹೊಸಕೋಟೆಗೆ ಸಾಗುವ ಉಪನಗರ ವರ್ತುಲ ರಸ್ತೆ ನಗರಕ್ಕೆ ಬರಬೇಕಿಲ್ಲದ ಲಾರಿಗಳಿಗೆ ಬೇರೆ ದಾರಿಯಾಗಿದೆ.